ನಿನ್ನ ಹೆಸರಿನಲ್ಲಿ ನಾನಾಡಿದ ಆಟ

ವೀರೇಶ, ಅವತ್ತು ಸೈಬರ್ ಸೆಂಟರಿನಲ್ಲಿ ಕೂತು ಕಾಟಾದ ಗುಟ್ಟನ್ನು ಹೊರಗೆ ಹಾಕಿದವನು ನಾನು. ನಿನ್ನ ಹೆಸರು ಹೇಳಿಕೊಂಡು, ನಿನ್ನ ಕೆಲಸವನ್ನು ನನ್ನದೆಂದು ಹೇಳಿಕೊಂಡು, ಇಂಗ್ಲಿಷಿನಲ್ಲಿ, ಗಂಟಲು ಹರಿಯುವ ಹಾಗೆ ಕೂಗಿ ಹೇಳಿದವನು ನಾನು. ಮೂರು ದಿನ ಬಿಟ್ಟು ಅವರು ರೂಮಿಗೆ ಬಂದು ಕೇಳಿದಾಗ ನನಗೆ ಇಂಗ್ಲಿಷೇ ಬರುವುದಿಲ್ಲ ಅಂದವನೂ ನಾನೇ. ನಿನ್ನ ಬಲಗೈ ಹೋದದ್ದು ನನ್ನಿಂದ.

ಇಷ್ಟು ಬರೆಯುವುದಕ್ಕೆ ಹದಿನೇಳು ವರ್ಷ ಬೇಕಾಯಿತು. ಬರೆದ ಮೇಲೂ ಧೈರ್ಯ ಬಂತೆಂದು ತಿಳಿಯಬೇಡ. ಈಗ ತಾನೇ ಬೀದಿಯಲ್ಲಿ ಯಾವುದೋ ಗಾಡಿ ನಿಂತ ಸದ್ದಾಯಿತು, ಪೆನ್ನು ಅಲ್ಲೇ ಇಟ್ಟು ಎದ್ದುಹೋಗಿ ಪರದೆ ಸರಿಸಿ ನೋಡಿ ಬಂದೆ. ನೀರಿನ ಕ್ಯಾನು ಇಳಿಸುವ ಗಾಡಿ. ನನಗೆ ನಲವತ್ತು ದಾಟಿದೆ, ತಲೆ ನೆರೆತಿದೆ, ಮಕ್ಕಳ ಮುಂದೆ ನಿಂತು ‘ಹೆದರಬೇಡಿ, ಬಾಯಿ ಬಿಟ್ಟು ಮಾತಾಡಿ’ ಎಂದು ದಿನಾ ಹೇಳುವ ಮಾಸ್ತರ ನಾನು — ಗಾಡಿ ನಿಂತರೆ ಸಾಕು, ಪಾಠ ಅರ್ಧಕ್ಕೇ ಬಿಟ್ಟು ಕಿಟಕಿಗೆ ಹೋಗುತ್ತೇನೆ. ಹದಿನೇಳು ವರ್ಷದಿಂದ ಹೀಗೇ ಇದೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಮಧ್ಯದಿಂದ ಶುರು ಮಾಡಿದರೆ ನನಗೆ ಅನುಕೂಲವಾದ ಕಡೆಯಿಂದಲೇ ಶುರು ಮಾಡಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಆ ಮಹಡಿ ರೂಮು ನೆನಪಿದೆಯಲ್ಲ? ಒಂದೇ ಕಿಟಕಿ, ಎರಡು ಚಾಪೆ, ನನ್ನಪ್ಪ ಸಿರುಗುಪ್ಪದಿಂದ ಹೊಲಿದು ಕಳಿಸಿದ ಒಂದು ಗಾದಿ. ಆ ಗಾದಿಯ ಮೇಲೆ ಒಂದು ವಾರ ನೀನು, ಒಂದು ವಾರ ನಾನು. ಗಣಿಯ ಕಾಲ ಅದು. ಒಗೆದ ಬನಿಯನ್ನು ಬೆಳಿಗ್ಗೆ ಹಗ್ಗಕ್ಕೆ ಹಾಕಿದರೆ ಸಂಜೆಗೆ ಇಟ್ಟಿಗೆಯ ಬಣ್ಣ. ನೀನು ಕುರುಗೋಡಿನಿಂದ ಬಂದು ಅದಿರಿನ ಯಾರ್ಡಿನ ಕಾಟಾದಲ್ಲಿ ಕೂತಿದ್ದೆ. ಲಾರಿ ಬಂದು ಆ ಕಬ್ಬಿಣದ ಹಾಸಿನ ಮೇಲೆ ನಿಲ್ಲುವುದು, ನೀನು ತೂಕ ನೋಡಿ ಚೀಟಿ ಬರೆದು ಕೊಡುವುದು. ನಾನು ಬಿ.ಎ. ಮುಗಿಸಿ ಒಂದು ಫೈಲು ಕಂಕುಳಲ್ಲಿಟ್ಟುಕೊಂಡು ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದ್ದೆ. ಆಗ ಊರಿನಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಆದರೆ ಇಂಗ್ಲಿಷ್ ಬಂದವನಿಗೆ ಫ್ಯಾನಿನ ಕೆಳಗಿನ ಕುರ್ಚಿ, ಬರದವನಿಗೆ ಯಾರ್ಡಿನ ಬಿಸಿಲು.

ಒಂದು ಇಂಟರ್‌ವ್ಯೂನಲ್ಲಿ ನಿನ್ನ ಬಗ್ಗೆ ಹೇಳು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ, ಆಮೇಲೆ ಏನೂ ಬರಲಿಲ್ಲ. ಬಾಯಿ ತೆರೆದುಕೊಂಡೇ ಇತ್ತು. ಎದುರಿಗಿದ್ದವರು ತೆಲುಗಿನಲ್ಲಿ ‘ಪೋನೀಲೇ ಬಾಬು’, ಹೋಗಲಿ ಬಿಡಪ್ಪಾ, ಅಂದರು. ಬೈದಿದ್ದರೆ ಚೆನ್ನಾಗಿತ್ತು, ಕನಿಕರದಿಂದ ಅಂದರು. ರೂಮಿಗೆ ಬಂದು ನಾನು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಿ ನೀನು ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ‘ಇಂಗ್ಲಿಷ್ ಏನ್ ಹುಲಿಯೇನಲೇ ತಿನ್ನಾಕ? ಎದ್ದೇಳು’ ಅಂದೆ.

ಕಂಪ್ಯೂಟರಿನ ಆ ಆಟವನ್ನು ತೋರಿಸಿದವನು ಸೈಬರಿನ ಯಜಮಾನ. ಕತ್ತಿ, ಗುರಾಣಿ ಹಿಡಿದುಕೊಂಡು ಕಾಡು ಗುಹೆ ತಿರುಗುವ ಆಟ. ಯಾವ್ಯಾವುದೋ ದೇಶದಲ್ಲಿ ಕೂತವರು ಒಬ್ಬೊಬ್ಬರು ಒಂದೊಂದು ವೇಷ ಹಾಕಿಕೊಂಡು ಒಂದೇ ಕಾಡಿನಲ್ಲಿ ಸೇರುತ್ತಾರೆ, ಗುಂಪು ಕಟ್ಟುತ್ತಾರೆ, ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಮೈಕಿನಲ್ಲಿ ಮಾತಾಡಿಕೊಳ್ಳುತ್ತಾರೆ. ‘ಅಮೆರಿಕದವ್ರ ಕೂಡ ಮಾತಾಡಬೌದು ನೋಡ್ರಿ, ಕ್ಲಾಸಿಗಿನ್ನ ಇದು ಚೊಲೋ’ ಅಂದ. ಮೊದಲನೆಯ ದಿನ ನೀನೂ ನನ್ನ ಜೊತೆ ಬಂದಿದ್ದೆ. ವೇಷಕ್ಕೆ ಒಂದು ಹೆಸರು ಕೊಡಬೇಕಾಗಿತ್ತು.

‘ಏನ್ ಹೆಸರಿಡ್ಲಿ?’ ಎಂದೆ.

‘ನನ್ ಹೆಸರ ಇಡಲೇ ಖಾಜಾ. ನಾನಂತೂ ಕಾಟಾ ಬಿಟ್ಟು ಎಲ್ಲಿಗೂ ಹೋಗಾಂಗಿಲ್ಲ. ನನ್ ಹೆಸರರ ದೇಶ ತಿರುಗಿ ಬರ್ಲಿ.’

ಇಬ್ಬರೂ ನಕ್ಕೆವು. ಸೈಬರಿನವನು ಪುಸ್ತಕದಲ್ಲಿ ಬರೆದುಕೊಳ್ಳಲು ಗುರುತಿನ ಚೀಟಿ ಕೇಳಿದಾಗ ನನ್ನದು ಸಿರುಗುಪ್ಪದಲ್ಲಿತ್ತು. ನೀನು ನಿನ್ನ ಕಂಪನಿಯ ಕಾರ್ಡಿನ ಜೆರಾಕ್ಸ್ ಕೊಟ್ಟುಬಿಟ್ಟೆ. ಆ ಕಾಡಿನಲ್ಲೂ ವೀರೇಶ, ಆ ಪುಸ್ತಕದಲ್ಲೂ ವೀರೇಶ. ಆವತ್ತು ಅದು ನಮ್ಮಿಬ್ಬರಿಗೂ ತಮಾಷೆಯಾಗಿತ್ತು.

ಅಲ್ಲಿ ಸಿಕ್ಕವಳು ಡಾರಥಿ. ನಿನಗೆ ಅವಳು ‘ಮುದಿಕಿ’. ಪರದೆಯ ಮೇಲೆ ಮೊಣಕಾಲಿನವರೆಗೆ ಗಡ್ಡ ಬಿಟ್ಟ ಕುಳ್ಳ, ಕೈಯಲ್ಲಿ ಕೊಡಲಿ. ಕಿವಿಯೊಳಗೆ ಮಾತ್ರ ಅಜ್ಜಿಯ ದನಿ. ಎಲ್ಲೋ ಹಿಮ ಬೀಳುವ ಊರು, ಸಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮಗೆ ಬೆಳಗಿನ ಏಳು ಗಂಟೆಯಾದಾಗ ಅವಳಿಗೆ ಸಂಜೆ. ಅವಳದೊಂದು ಕಟ್ಟಳೆಯಿತ್ತು. ಗುಹೆಗೆ ಹೋಗುವ ಮುಂಚೆ ಹತ್ತು ನಿಮಿಷ ನಾನೊಬ್ಬನೇ ಮಾತಾಡಬೇಕು, ಅದೂ ನಿಜವಾಗಿ ನಡೆದದ್ದನ್ನು. ನಾನು ಬಾಯಿಪಾಠ ಮಾಡಿದ ಪ್ರಬಂಧ ಶುರು ಮಾಡಿದರೆ ಅರ್ಧಕ್ಕೇ ತಡೆಯುತ್ತಿದ್ದಳು — ಪುಸ್ತಕ ಮುಚ್ಚು, ನಿನ್ನೆ ಏನಾಯಿತು ಹೇಳು.

ಹೇಳಿದೆ. ಅಪ್ಪನ ಅರಳೆ ಹಿಂಜುವ ಬಿಲ್ಲಿನ ಬಗ್ಗೆ ಹೇಳಿದೆ, ಕಾಲುವೆಯ ಬಗ್ಗೆ ಹೇಳಿದೆ, ಭತ್ತದ ಗದ್ದೆಯಲ್ಲಿ ಹಾವು ತುಳಿದದ್ದನ್ನು ಹೇಳಿದೆ. ಎರಡು ತಿಂಗಳಿಗೆ ನನ್ನ ಇಪ್ಪತ್ಮೂರು ವರ್ಷದ ಬಾಳು ಮುಗಿದುಹೋಯಿತು. ಕೆಲಸವಿಲ್ಲದವನ ನಿನ್ನೆಯಲ್ಲಿ ಏನಿರುತ್ತದೆ ಹೇಳು? ನಿನ್ನೆಯೂ ಮಲಗಿದ್ದೆ, ಮೊನ್ನೆಯೂ ಮಲಗಿದ್ದೆ. ಅವಳು ನನ್ನನ್ನು ವೀರೇಶ ಎಂದೇ ಕರೆಯುತ್ತಿದ್ದಳು. ಒಂದು ದಿನ ‘ನಿನಗೆ ಕೆಲಸ ಏನು ವೀರೇಶ’ ಎಂದು ಕೇಳಿದಳು. ನಾನು — ಯಾಕೆ ಹಾಗೆ ಹೇಳಿದೆನೋ, ಇವತ್ತಿಗೂ — ನಾಚಿಕೆ ಅಂತಲೇ ಇಟ್ಟುಕೋ. ಲಾರಿಗಳನ್ನು ತೂಗುತ್ತೇನೆ ಅಂದೆ.

ತಡವರಿಸದೆ ಬಂದ ನನ್ನ ಮೊದಲ ಇಂಗ್ಲಿಷ್ ವಾಕ್ಯ ಅದು. ಅಲ್ಲಿಂದ ನಾನು ನೀನಾದೆ. ನೀನು ಸಂಜೆ ಬಂದು ಕೈಕಾಲು ತೊಳೆದುಕೊಳ್ಳುತ್ತ ಹೇಳಿದ್ದನ್ನೆಲ್ಲ ಮರುದಿನ ಬೆಳಿಗ್ಗೆ ಅವಳಿಗೆ ಒಪ್ಪಿಸುತ್ತಿದ್ದೆ. ಚೀಟಿ ಬರೆದು ಬರೆದು ಬೆರಳು ಜೋಮು ಹಿಡಿಯುವುದನ್ನು, ಡ್ರೈವರುಗಳ ಜಗಳವನ್ನು, ಕುರುಗೋಡಿನಲ್ಲಿ ನಿನಗೆ ನೋಡಿದ ಹುಡುಗಿಯನ್ನು ಕೂಡ. ನಿನಗೆ ಇದು ಗೊತ್ತಿರಲಿಲ್ಲ. ನೀನು ದಿನಾ ಕೇಳುತ್ತಿದ್ದೆ, ‘ಏನಂದ್ಳಲೇ ಮುದಿಕಿ ಇವತ್ತು?’ ‘ಚೊಲೋ ಮಾತಾಡ್ತಿ ಅಂದ್ಳು’ ಎಂದರೆ, ನೀನೇ ಮಾತಾಡಿದವನ ಹಾಗೆ ಹಿಗ್ಗುತ್ತಿದ್ದೆ.

ಆ ಭಾನುವಾರ ಸಂಗನಕಲ್ಲಿನ ಗುಡ್ಡ ಹತ್ತಿದ್ದೆವು. ಬಡಿದರೆ ಗಂಟೆಯ ಹಾಗೆ ದನಿ ಕೊಡುವ ಬಂಡೆಗಳಿವೆಯಲ್ಲ, ಅಲ್ಲಿ. ಬೇರೆ ಭಾನುವಾರ ನೀನು ಒಂದು ಕಲ್ಲು ಹಿಡಿದು ಟಣ್ ಟಣ್ ಎಂದು ಬಡಿದು ಹುಡುಗಾಟ ಮಾಡುತ್ತಿದ್ದೆ. ಅವತ್ತು ಕಲ್ಲು ಕೈಯಲ್ಲೇ ಇತ್ತು, ಬಡಿಯಲಿಲ್ಲ. ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿ ನೀನು ಹೇಳಿದೆ. ಒಂದೇ ಪರ್ಮಿಟ್ಟಿನ ಮೇಲೆ ನಾಲ್ಕು ಲಾರಿ ಹೋಗುತ್ತವೆ. ಚೀಟಿಯಲ್ಲಿ ಬರೆಯುವ ತೂಕ ಬೇರೆ, ನಿಜವಾದ ತೂಕ ಬೇರೆ. ನಿಜವಾದ ತೂಕದ ಪುಸ್ತಕ ಮೇಜಿನ ಕೆಳಗಿನ ಖಾನೆಯಲ್ಲಿರುತ್ತದೆ, ಬರೆಯುವವನು ನೀನು.

‘ಹೊರಗಿನವ್ರು ಬಂದು ಫೋಟೊ ತಗೋತಾರಂತ ಸುದ್ದಿ ಐತಲೇ. ನಾಳೆ ಏನರ ಆದ್ರ ಸಿಗಾಕಿಕೊಳ್ಳಾವ ನಾನು. ಕೆಲಸ ಬಿಡ್ತೀನಿ ಅಂದ್ರೂ ಬಿಡಂಗಿಲ್ಲ ಯಾರ್ಡಿನವ್ರು. ಎದಿ ಡವಡವ ಅಂತೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ ಖಾಜಾ, ನಿನ್ ಕಾಲಿಗೆ ಬೀಳ್ತೀನಿ.’

‘ನನಗೇನ್ ಹುಚ್ಚೇನಲೇ’ ಅಂದೆ ನಾನು.

ಎರಡು ದಿನ ಸುಮ್ಮನಿದ್ದೆ. ಎರಡೇ ದಿನ, ವೀರೇಶ. ಮೂರನೆಯ ಬೆಳಿಗ್ಗೆ ಡಾರಥಿ ‘ಯಾಕೋ ಇವತ್ತು ದನಿ ಸಪ್ಪಗಿದೆ, ಏನಾದರೂ ಆಯಿತೇ’ ಎಂದು ಕೇಳಿದಳು. ಅವಳಿಗೆ ಹೇಳಿದರೆ ಏನಾಗುತ್ತದೆ, ಸಾವಿರಾರು ಮೈಲಿ ಆಚೆ ಕೂತ ಮುದುಕಿ ಎಂದುಕೊಂಡೆ. ಇಂಗ್ಲಿಷಿನಲ್ಲಿ ಹೇಳಿದ ಮಾತು ಬಳ್ಳಾರಿಯಲ್ಲಿ ಯಾರಿಗೂ ಹೇಳಿದ ಹಾಗಲ್ಲ ಎಂದೇ ನನ್ನ ನಂಬಿಕೆ. ಇಂಗ್ಲಿಷ್ ಅಂದರೆ ಬಾಗಿಲು ಹಾಕಿಕೊಂಡ ಕೋಣೆ ಎಂದು ತಿಳಿದಿದ್ದೆ. ನಾನು ಎರಡು ವರ್ಷ ತಿಣುಕಿದರೂ ತೆರೆಯದ ಬಾಗಿಲು ಬೇರೆಯವರಿಗೆ ತೆರೆದೀತೆಂದು ತಲೆಗೇ ಹೊಳೆಯಲಿಲ್ಲ. ಮತ್ತೆ — ಇದನ್ನೂ ಹೇಳಿಬಿಡುತ್ತೇನೆ — ಇಷ್ಟು ಒಳ್ಳೆಯ ಕಥೆ ನನ್ನ ಬಾಯಿಗೆ ಯಾವತ್ತೂ ಸಿಕ್ಕಿರಲಿಲ್ಲ. ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು.

ಹೇಳಿದೆ. ನಾನು ವೀರೇಶ, ಕುರುಗೋಡಿನವನು, ಕಾಟಾದಲ್ಲಿ ಕೂರುತ್ತೇನೆ, ಒಂದು ಪರ್ಮಿಟ್ಟಿಗೆ ನಾಲ್ಕು ಲಾರಿ, ಪುಸ್ತಕ ಮೇಜಿನ ಕೆಳಗಿದೆ, ನನಗೆ ಹೆದರಿಕೆಯಾಗುತ್ತಿದೆ. ಎಲ್ಲ ನಿನ್ನ ಮಾತು. ನಿನ್ನ ಹೆದರಿಕೆಯನ್ನು ಕೂಡ ನಾನು ಅಭಿನಯಿಸಿ ತೋರಿಸಿದೆ. ಅವಳು ಅಯ್ಯೋ ಪಾಪ ಎಂದಳು, ನನಗೆ ಖುಷಿಯಾಯಿತು. ಥೂ! ಬರೆಯುವಾಗ ಮೈಯೆಲ್ಲ ಉರಿಯುತ್ತಿದೆ.

ಹೆಡ್‌ಫೋನು ಹಾಕಿಕೊಂಡವನಿಗೆ ತನ್ನ ದನಿ ತನಗೆ ಕೇಳುವುದಿಲ್ಲ. ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದುಕೊಂಡೇ ಅರಚುತ್ತಿರುತ್ತಾನೆ. ಇವತ್ತು ನನ್ನ ಕ್ಲಾಸಿನ ಮಕ್ಕಳಿಗೆ ಅದನ್ನು ಮೊದಲು ಹೇಳುತ್ತೇನೆ. ಅವತ್ತು ನನಗೆ ಹೇಳುವವರಿರಲಿಲ್ಲ. ಹೆಡ್‌ಫೋನು ತೆಗೆದೆ. ಪಕ್ಕದ ಪ್ಲೈವುಡ್ಡಿನ ಗೂಡಿನಿಂದ ಕುರ್ಚಿ ಸರಿದ ಸದ್ದಾಯಿತು. ಬಿಳಿ ಅಂಗಿಯ ಬೆನ್ನೊಂದು ಹೊರಗೆ ಹೋಗುವುದು ಕಂಡಿತು. ಬೆನ್ನು ಮಾತ್ರ. ಯಜಮಾನ ನನ್ನನ್ನು ನೋಡಿ, ‘ಅವ್ರು ಎಕ್ಸ್‌ಪೋರ್ಟ್ ಆಫೀಸಿನವ್ರು, ದಿನಾ ಮೇಲ್ ನೋಡಾಕ ಬರ್ತಾರ... ಇವತ್ಯಾಕೋ ನಿಮ್ಮ ಹೆಸರು ಬರೆದ ಪುಸ್ತಕದ ಹಾಳಿ ನೋಡಿದ್ರು’ ಎಂದ. ಅವನ ತುಟಿ ಒಣಗಿತ್ತು. ಎರಡು ದಿನದಲ್ಲಿ ಆ ಅಂಗಡಿಗೆ ಬೀಗ ಬಿತ್ತು, ಅವನು ಆಂಧ್ರದ ಕಡೆ ಹೋದನೆಂದರು. ನನ್ನ ಮುಖ ಬಲ್ಲವನು ಅವನೊಬ್ಬನೇ.

ನಿನಗೆ ಅವತ್ತೇ ಹೇಳಬಹುದಾಗಿತ್ತು. ಸಂಜೆ ನೀನು ಬಂದೆ, ಬೆಂಡೆಕಾಯಿ ಪಲ್ಯ ಮಾಡಿದೆ, ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು. ‘ಏನಂದ್ಳು ಮುದಿಕಿ?’ ಎಂದು ನೀನು ಕೇಳಿದೆ. ‘ಏನಿಲ್ಲ ಬಿಡು’ ಅಂದೆ ನಾನು. ಮೂರು ಸಂಜೆ ಹಾಗೇ ಉಂಡೆ.

ನಾಲ್ಕನೆಯ ದಿನ ಮಧ್ಯಾಹ್ನ. ನೀನು ಯಾರ್ಡಿನಲ್ಲಿದ್ದೆ. ಕೆಳಗೆ ಗಾಡಿ ನಿಂತಿತು, ಇಬ್ಬರು ಮೆಟ್ಟಿಲು ಹತ್ತಿ ಬಂದರು. ಒಬ್ಬ ಹೊಸ್ತಿಲಲ್ಲೇ ನಿಂತ. ಇನ್ನೊಬ್ಬ ವಯಸ್ಸಾದವನು, ಹಣೆಗೆ ಕುಂಕುಮ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ನಮ್ಮಪ್ಪನ ಗಾದಿಯ ಮೇಲೆ ಕೂತ. ಊಟ ಆಯಿತಾ ಎಂದು ಕೇಳಿದ. ಅವನು ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅಷ್ಟು ಮೆತ್ತಗೆ ಮಾತಾಡಿದ್ದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು. ಗೋಡೆಗೆ ಆತುಕೊಂಡೆ.

‘ಈ ರೂಮಿನ್ಯಾಗ ಇಂಗ್ಲಿಷ್ ಮಾತಾಡೋರು ಯಾರಪ್ಪಾ?’

ವೀರೇಶ, ಎರಡು ವರ್ಷ ನಾನು ಒಂದೇ ಒಂದು ಮಾತು ಹೇಳಬೇಕೆಂದು ಹಂಬಲಿಸಿದ್ದೆ — ನನಗೆ ಇಂಗ್ಲಿಷ್ ಬರುತ್ತದೆ. ಆ ಮಾತು ಕೇಳಲೆಂದೇ ಒಬ್ಬ ಮೆಟ್ಟಿಲು ಹತ್ತಿ ಬಂದು ಕೂತಿದ್ದ.

‘ನನಗ ಇಂಗ್ಲಿಷ್ ಬರಂಗಿಲ್ರಿ’ ಎಂದೆ. ‘ನಾನು ಪಿಂಜಾರರ ಹುಡುಗ್ರಿ. ನಾವು ಗಾದಿ ಹೊಲಿಯಾರು.’

‘ಹಂಗಾರ ವೀರೇಶಗ?’

ಗೊತ್ತಿಲ್ಲ ಎನ್ನಬಹುದಾಗಿತ್ತು. ಅವನಿಗೂ ಬರುವುದಿಲ್ಲ ಎಂಬ ನಿಜವನ್ನೇ ಹೇಳಬಹುದಾಗಿತ್ತು. ಆದರೆ ಇಬ್ಬರಿಗೂ ಬರದಿದ್ದರೆ ಅವನು ಮತ್ತೆ ನನ್ನ ಕಡೆ ತಿರುಗುತ್ತಾನಲ್ಲ — ಅಷ್ಟು ಲೆಕ್ಕ ಆ ಹೆದರಿಕೆಯಲ್ಲೂ ನನ್ನ ತಲೆ ಹಾಕಿತು.

‘ಅವನಿಗೆ ಬರ್ತೈತ್ರಿ.’

ಅವನು ಗೂಡಿನಲ್ಲಿದ್ದ ಇಂಗ್ಲಿಷ್ ಕಲಿಯುವ ಪುಸ್ತಕ ಎತ್ತಿಕೊಂಡ. ‘ಇದು ಯಾರ್ದು?’ ‘ಅವಂದ್ರಿ.’ ಹಿಂದಿನ ರಟ್ಟು ನೋಡಿದ, ನಾಲ್ಕು ಹಾಳೆ ಹಿಂದಿನಿಂದ ತಿರುವಿದ. ಮೊದಲ ಹಾಳೆಯ ಮೇಲೆ ನನ್ನ ಹೆಸರಿತ್ತು, ಸಿರುಗುಪ್ಪ ಎಂದು ಊರ ಸಮೇತ. ಮುಂದಿನಿಂದ ತೆರೆದಿದ್ದರೆ ಅದೇ ಮೊದಲು ಕಣ್ಣಿಗೆ ಬೀಳುತ್ತಿತ್ತು. ಮುಚ್ಚಿ ಇಟ್ಟ. ‘ಬರ್ತೀವಪ್ಪಾ’ ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಇದಿಷ್ಟೇ ಆಗಿದ್ದರೆ ಹೆದರಿಕೆಯಲ್ಲಿ ಬಾಯಿ ತಪ್ಪಿತು ಎನ್ನಬಹುದಾಗಿತ್ತೇನೋ. ಅವರು ಹೋದ ಮೇಲೆ ನನ್ನ ಜೇಬಿನಲ್ಲಿ ಫೋನಿತ್ತು. ನಿನ್ನ ನಂಬರು ಬಾಯಿಗೆ ಬರುತ್ತಿತ್ತು. ಯಾರ್ಡು ತಲುಪಲು ಅವರಿಗೆ ಅರ್ಧ ಗಂಟೆ ಬೇಕು. ‘ಓಡಿಹೋಗಲೇ’ ಎಂದು ಎರಡು ಶಬ್ದ ಹೇಳಿದ್ದರೆ ನೀನು ಯಾವುದಾದರೂ ಲಾರಿ ಹತ್ತಿ ಊರು ಸೇರುತ್ತಿದ್ದೆ. ನಾನು ಫೋನು ಬಂದ್ ಮಾಡಿದೆ. ನೀನು ಕರೆದರೆ ಎತ್ತಬೇಕಾಗುತ್ತದಲ್ಲ ಎಂದು ಬಂದ್ ಮಾಡಿದೆ. ಪುಸ್ತಕದ ಮೊದಲ ಹಾಳೆ ಹರಿದು ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ — ನಗಬೇಡ, ಹಾಗೇ ಮಾಡಿದೆ. ಬಸ್‌ಸ್ಟ್ಯಾಂಡಿಗೆ ಹೋಗಿ ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯಲ್ಲಿ ಯಾವ ಗಾಡಿ ಹಾರ್ನ್ ಹೊಡೆದು ಮುಂದೆ ಹೋದರೂ ಸೀಟಿನ ಕೆಳಗೆ ಬಗ್ಗುತ್ತಿದ್ದೆ.

ಹನ್ನೆರಡು ದಿನ ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅರಳೆಯ ಮೂಟೆಗಳ ನಡುವೆ ಕೂತಿದ್ದೆ. ಅಪ್ಪ ಬಿಲ್ಲು ಮೀಟಿದಾಗಲೆಲ್ಲ ಬೆಚ್ಚುತ್ತಿದ್ದೆ. ಹುಟ್ಟಿದಾಗಿನಿಂದ ಕೇಳಿದ ಸದ್ದಿಗೆ ಬೆಚ್ಚುವವನನ್ನು ನೋಡಿ ಅವರಿಗೆ ಏನೆನಿಸಿತೋ, ಒಂದು ದಿನ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಬಂದು ಎದುರು ಕೂತರು.

‘ಏನ್ ಮಾಡಿ ಬಂದೀಯಪಾ? ಹೇಳು, ನಾ ಯಾರಿಗೂ ಹೇಳಂಗಿಲ್ಲ.’

‘ಏನಿಲ್ಲಪ್ಪಾ, ಜ್ವರ ಬಂದಂಗ ಆಗೇತಿ’ ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಎದ್ದುಹೋಗಿ ಮತ್ತೆ ಬಿಲ್ಲು ಹಿಡಿದರು. ಅಪ್ಪ ತೀರಿಕೊಂಡು ಆರು ವರ್ಷವಾಯಿತು, ಅವರಿಗೂ ಹೇಳಲಿಲ್ಲ.

ಬಳ್ಳಾರಿಗೆ ಮರಳಿದಾಗ ರೂಮಿನಲ್ಲಿ ನಿನ್ನ ಸಾಮಾನು ಇರಲಿಲ್ಲ. ಮನೆಯೊಡತಿ ಹೇಳಿದಳು, ‘ಲಾರಿ ಮ್ಯಾಲಿಂದ ಬಿದ್ನಂತಪಾ, ಕೈ ನುಜ್ಜುಗುಜ್ಜಾಗೇತಿ. ಅವರಪ್ಪ ಬಂದು ಕುರುಗೋಡಿಗೆ ಕರ್ಕೊಂಡ್ ಹ್ವಾದ್ರು.’ ಯಾರ್ಡಿನಲ್ಲಿ ಲಾರಿ ತೊಳೆಯುವವರ ಬಾಯಿಂದ ನಿಜ ಗೊತ್ತಾಯಿತು. ನಿನ್ನ ಬಲಗೈಯನ್ನು ಲಾರಿಯ ಹಿಂಬಾಗಿಲಿನ ಸಂದಿಯಲ್ಲಿ ಇಡಿಸಿ, ಬಾಗಿಲನ್ನು ಬಿಟ್ಟರು. ಇನ್ನು ಬರೆಯಬಾರದು, ಅಷ್ಟೇ.

ಒಂದೇ ಒಂದು ಸಲ ನಿನ್ನನ್ನು ನೋಡಲು ಕುರುಗೋಡಿಗೆ ಬಂದೆ. ನೆನಪಿದೆಯಾ? ಅರ್ಧ ಡಜನ್ ಬಾಳೆಹಣ್ಣು ತಂದಿದ್ದೆ. ನೀನು ಮಂಚದ ಮೇಲೆ ಕೂತಿದ್ದೆ, ಕೈ ದಪ್ಪ ಬ್ಯಾಂಡೇಜಿನೊಳಗಿತ್ತು. ನಾನು ಏನೂ ಕೇಳುವ ಮೊದಲೇ ನೀನು ಕೇಳಿದೆ — ‘ನಿನಗೇನೂ ಆಗಿಲ್ಲಲ್ಲ?’

ನೀನು ಏನೂ ಅರಿಯದೆ ಕೇಳುತ್ತಿದ್ದೀ ಎಂದುಕೊಂಡೆ. ‘ನನಗೇನಾಗ್ತೈತಿ’ ಎಂದೆ. ಚಹಾ ಕುಡಿದು ಬಂದುಬಿಟ್ಟೆ. ಮತ್ತೆ ಆ ದಾರಿ ಹಿಡಿಯಲಿಲ್ಲ. ನಿನ್ನ ಮದುವೆಯ ಕಾರ್ಡು ಬಂತು, ಬರಲಿಲ್ಲ. ನೀನು ಬಾದನಹಟ್ಟಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ್ದೀ, ಎಡಗೈಯಲ್ಲೇ ಎಲ್ಲ ಮಾಡುತ್ತೀ ಎಂದು ಯಾರೋ ಹೇಳಿದರು, ಚೊಲೋ ಆಯಿತು ಅಂದೆ. ಆ ಆಟಕ್ಕೂ ಮತ್ತೆ ಹೋಗಲಿಲ್ಲ. ಡಾರಥಿಯ ಲೆಕ್ಕದಲ್ಲಿ ಹೆದರಿಕೆಯಾಗುತ್ತಿದೆ ಎಂದು ಹೇಳಿ ಕಾಣೆಯಾದವನು ವೀರೇಶನೇ. ಆ ಮುದುಕಿ ಎಷ್ಟು ಸಂಜೆ ನಿನ್ನ ಹೆಸರು ಹಿಡಿದು ಆ ಕಾಡಿನಲ್ಲಿ ಕರೆದಳೋ.

ಗಣಿಯವರ ಯಾವ ಆಫೀಸಿಗೂ ನಾನು ಅರ್ಜಿ ಹಾಕಲಿಲ್ಲ. ಇಂಗ್ಲಿಷ್ ಬರುತ್ತದೆಂದು ಗೊತ್ತಾದರೆ ಎಂಬ ಭಯ. ಗಣಿಗಳಿಗೆ ಬೀಗ ಬಿದ್ದು, ಆ ಜನ ಎತ್ತಲೋ ಚದುರಿ ಹೋದ ಮೇಲೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುವ ಕ್ಲಾಸು ಶುರು ಮಾಡಿದೆ. ಡಾರಥಿಯ ಕಟ್ಟಳೆಯನ್ನೇ ಇಟ್ಟುಕೊಂಡೆ. ಮೊದಲ ವಾರ ಪ್ರತಿಯೊಬ್ಬರೂ ಎದ್ದು ನಿಂತು ನಿಜವಾಗಿ ನಡೆದ ಒಂದು ಸಂಗತಿ ಹೇಳಬೇಕು. ನೋಡು, ಎಂಥ ಮಾಸ್ತರ ನಾನು!

ಕಳೆದ ಸೋಮವಾರ ಒಬ್ಬ ಹುಡುಗಿ ಬಂದಳು. ಎರಡು ಜಡೆ, ಎಸೆಸೆಲ್ಸಿ ಮುಗಿಸಿದವಳು. ಅರ್ಜಿಯಲ್ಲಿ ಗಿರಿಜಾ, ಅಪ್ಪನ ಹೆಸರು ವೀರೇಶ, ಊರು ಬಾದನಹಟ್ಟಿ ಎಂದಿತ್ತು. ತಲೆಯೆತ್ತಿ ನೋಡಿದೆ. ನಿನ್ನದೇ ಹುಬ್ಬು.

‘ಅಪ್ಪ ಹೇಳ್ಯಾರ್ರಿ ಸರ್, ಹೋಗೋದಾದ್ರ ಖಾಜಾ ಸರ್ ಹತ್ರನ ಹೋಗು ಅಂತ. ಬಳ್ಳಾರ್ಯಾಗ ಅವರಷ್ಟು ಇಂಗ್ಲಿಷ್ ಯಾರಿಗೂ ಬರಂಗಿಲ್ಲಂತ.’

ಆವತ್ತು ಕ್ಲಾಸನ್ನು ಬೇಗ ಬಿಟ್ಟೆ. ಗುರುವಾರ ಗಿರಿಜಾಳ ಸರದಿ ಬಂತು. ಎದ್ದು ನಿಂತಳು. ಮೈ ಫಾದರ್ ನೋ ಇಂಗ್ಲಿಷ್ ಸರ್, ಬಟ್ ಒನ್ ಡೇ ಹಿ ಟೋಲ್ಡ್ ಐ ನೋ ಇಂಗ್ಲಿಷ್ — ಅಷ್ಟು ಹೇಳಿ ನಿಂತುಬಿಟ್ಟಳು. ‘ಉಳಿದಿದ್ದು ಕನ್ನಡದಾಗ ಹೇಳ್ಲೇನ್ರಿ?’ ಎಂದಳು. ನಾನು ಹೂಂ ಅಂದೆನೋ ಇಲ್ಲವೋ.

‘ಊರಿಗೆಲ್ಲ ಲಾರಿಯಿಂದ ಬಿದ್ದೆ ಅಂತ ಹೇಳ್ಯಾರ್ರಿ ಅಪ್ಪ. ಹಂಗಲ್ರಿ ಅದು. ಯಾರೋ ಬಂದು ನಿನಗ ಇಂಗ್ಲಿಷ್ ಬರ್ತೈತೇನಲೇ, ನಿನ್ ದೋಸ್ತ ಬರ್ತೈತಿ ಅಂತಾನ, ಖರೇ ಹೇಳು ಅಂದ್ರಂತ. ಅಪ್ಪಗ ಎಬಿಸಿಡಿ ಬಿಟ್ರ ಏನೂ ಬರಂಗಿಲ್ರಿ. ಆದ್ರೂ ಹೌದು ಬರ್ತೈತಿ, ನಾನ ಮಾತಾಡಿದ್ದು ಅಂದ್ರಂತ. ಅವತ್ತ ಕೈ ಹೋಗಿದ್ದು. ಯಾಕಪ್ಪ ಸುಳ್ಳು ಹೇಳಿದಿ ಅಂದ್ರ, ಒಬ್ರದರ ಕೈ ಉಳೀಲವ್ವ ಅಂತಾರ. ಅದ್ಯಾರ ಕೈ ಅಂತ ಕೇಳಿದ್ರ ಗಿರಣಿ ಚಾಲೂ ಮಾಡಿಬಿಡ್ತಾರ್ರಿ.’

ಇಬ್ಬರು ಹುಡುಗಿಯರು ಕಿಸಕ್ಕೆಂದು ನಕ್ಕರು, ಆಮೇಲೆ ನಗು ನಿಂತಿತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು — ವೀರೇಶ, ನಾನು ಏನು ಮಾಡಿದೆ ಗೊತ್ತಾ? ಅವಳ ಇಂಗ್ಲಿಷ್ ವಾಕ್ಯ ತಿದ್ದಿದೆ. ಬೋರ್ಡಿನ ಮೇಲೆ ಬರೆದು, ಹೀಗಲ್ಲಮ್ಮ ಹೀಗೆ ಹೇಳಬೇಕು ಎಂದು ತಿದ್ದಿದೆ. ನನ್ನ ಎರಡೂ ಕೈ ನೆಟ್ಟಗಿದ್ದವು. ಅವಳು ‘ಥ್ಯಾಂಕ್ಯೂ ಸರ್’ ಅಂದು ಬರೆದುಕೊಂಡು ಕೂತಳು.

ನಿನಗೆ ಅವತ್ತೇ ಗೊತ್ತಿತ್ತು. ನಿನ್ನ ಹೆಸರಿನಲ್ಲಿ ಯಾರು ಮಾತಾಡಿದರೆಂದು ಗೊತ್ತಿತ್ತು, ನಾನು ನಿನ್ನನ್ನು ತೋರಿಸಿಕೊಟ್ಟೆನೆಂದೂ ಗೊತ್ತಿತ್ತು. ನನ್ನ ಹೆಸರು ಹೇಳಿದ್ದರೆ ಅವರು ಸಿರುಗುಪ್ಪದ ದಾರಿ ಹಿಡಿಯುತ್ತಿದ್ದರು. ಮಂಚದ ಮೇಲೆ ಕೂತು ನಿನಗೇನೂ ಆಗಿಲ್ಲಲ್ಲ ಎಂದು ಕೇಳಿದ್ದು ಎಲ್ಲ ಗೊತ್ತಿದ್ದೇ. ಹದಿನೇಳು ವರ್ಷ ಗಾಡಿ ನಿಂತ ಸದ್ದಿಗೆ ನಡುಗಿದೆ, ಹುಡುಕಿಕೊಂಡು ಬರುತ್ತಾರೆ ಎಂದು. ನನ್ನನ್ನು ಯಾರೂ ಹುಡುಕಲೇ ಇಲ್ಲ, ನೀನು ಹುಡುಕಗೊಡಲಿಲ್ಲ.

ಈಗಲೂ ಹೆದರಿಕೆಯಿದೆ. ಆದರೆ ಈಗ ಹೆದರುವುದು ನಿನಗೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಬಾರಲೇ ಖಾಜಾ, ಚಾ ಕುಡಿ ಅಂದರೆ ಏನು ಮಾಡಲಿ? ಗಿರಿಜಾಗೆ ಗೊತ್ತಾದ ಮೇಲೆ ಅವಳು ನನ್ನ ಮುಖ ನೋಡಿದರೆ? ನೋಡಲಿ. ನಿನಗೆ ಹೇಳಿದ ಮೇಲೆ ಅವಳಿಗೂ ನಾನೇ ಹೇಳುತ್ತೇನೆ, ಆ ಕ್ಲಾಸಿನಲ್ಲೇ, ಎಲ್ಲರ ಎದುರು, ನನ್ನ ಸರದಿ ಎಂದು ಎದ್ದು ನಿಂತು.

ನಾಳೆ ಬೆಳಗಿನ ಬಸ್ಸಿಗೆ ಕುರುಗೋಡಿಗೆ ಬಂದು, ಅಲ್ಲಿಂದ ಬಾದನಹಟ್ಟಿಗೆ ಬರುತ್ತೇನೆ. ಈ ಕಾಗದ ಜೇಬಿನಲ್ಲೇ ಇರುತ್ತದೆ, ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ಜೋಳದ ಡಬ್ಬಿ ಹಿಡಿದು ಕಾಯುವ ಹೆಂಗಸರ ಸಾಲಿನಲ್ಲಿ ನಿಲ್ಲುತ್ತೇನೆ. ಗಿರಣಿ ಬಂದ್ ಮಾಡು ಎಂದು ಕೇಳುವುದಿಲ್ಲ. ಅದರ ಸದ್ದನ್ನೂ ಮೀರಿ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಆ ಸೈಬರಿನಲ್ಲಿ ಅರಚಿದಷ್ಟೇ ಗಟ್ಟಿಯಾಗಿ, ನಮ್ಮ ಮಾತಿನಲ್ಲೇ, ನನ್ನ ಹೆಸರು ಹಿಡಿದು ಹೇಳುತ್ತೇನೆ — ನಾನು ಖಾಜಾ ಅದೀನಿ, ಸಿರುಗುಪ್ಪದಾವ. ಇಂಗ್ಲಿಷ್ ನನಗ ಬರ್ತಿತ್ತು.